ಮಗುವಿನ ಜೊತೆಗೆ ಒಬ್ಬರು ಮಾತ್ರ

ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವಳು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಮಂಚದ ಮೇಲೆ ಒಂದು ಮಗುವಿದ್ದರೆ ಅದರ ಹಿಂದೆ ಅಜ್ಜಿ, ಸೋದರತ್ತೆ, ನೆರೆಮನೆಯವರು ಇದ್ದೇ ಇರುತ್ತಾರೆ. ಅವರಿದ್ದ ಮೇಲೆ ದಿನಕ್ಕೊಂದು ತಮಾಷೆ ಇದ್ದದ್ದೇ.

ನಾನು ಮಂಡ್ಯದಲ್ಲಿದ್ದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಮೊದಲು ಮನೆಯವರನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಸಂಜೆ ಒಂದಿಷ್ಟು ಹೊತ್ತು ಬಂದು ನೋಡಿಕೊಂಡು ಹೋಗಬೇಕು, ಅಷ್ಟೆ. ಆಗ ಮಳವಳ್ಳಿ ಕಡೆಯಿಂದ ಒಂದು ಹೆಣ್ಣುಮಗು ಬಂತು. ತಾಯಿ ಇಲ್ಲದ ಮಗು, ಅಜ್ಜಿಯೇ ಸಾಕಿದ್ದು. ಭೇದಿಯಾಗಿ ಕಡ್ಡಿಯಂತಾಗಿತ್ತು. ನಾನು ಗಂಜಿ ಹಿಡಿದರೆ ಬಾಯಿ ಬಿಗಿಯುತ್ತಿತ್ತು, ನಮ್ಮ ಡಾಕ್ಟರಮ್ಮ ಹಿಡಿದರೆ ಕಚ್ಚುತ್ತಿತ್ತು. ಮಗು ಉಳಿಯುವುದಿಲ್ಲವೇನೋ ಎಂದು ನನಗೆ ಹೆದರಿಕೆಯೇ ಆಯಿತು. ಕೊನೆಗೆ ಡಾಕ್ಟರಮ್ಮ, ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದ ಅಜ್ಜಿಯನ್ನು ಒಳಗೆ ಕರೆಸಿದರು. ಅಜ್ಜಿ ಮೊಮ್ಮಗಳ ಕೆನ್ನೆ ಸವರಿ, "ಕುಡ್ಕೊ ನಮ್ಮವ್ವ" ಎಂದಳು. ಲೋಟ ಖಾಲಿಯಾಯಿತು.

ಅಂದಿನಿಂದ ಹೊಸ ಕಟ್ಟಳೆ. ಮಗುವಿನ ಜೊತೆಗೆ ಮನೆಯವರೊಬ್ಬರು ಇರಬಹುದು, ಆದರೆ ಸುಮ್ಮನೆ ಕೂರುವ ಹಾಗಿಲ್ಲ. ಗಂಜಿ ಕುಡಿಸಬೇಕು, ಮೈ ಒರೆಸಬೇಕು, ಮಗುವನ್ನು ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಬೇಕು. "ಮೈಸೂರಿನ ದೊಡ್ಡ ಡಾಕ್ಟರು ತನಿಖೆಗೆ ಬರ್ತಾರೆ. ಅವರು ಒಪ್ಪದಿದ್ದರೆ ಎಲ್ಲರೂ ಮತ್ತೆ ಮರದ ಕೆಳಗೇ" ಎಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದರು. ಅದನ್ನು ಕೇಳಿದಾಗಿನಿಂದ ಮಳವಳ್ಳಿ ಅಜ್ಜಿ ಮೊಮ್ಮಗಳ ಮಂಚದ ಕಾಲು ಹಿಡಿದುಕೊಂಡೇ ಮಲಗುತ್ತಿದ್ದಳು.

ಆ ಒಬ್ಬರು ಯಾರು?

ಕೆರಗೋಡಿನಿಂದ ಒಂದು ಎತ್ತಿನ ಗಾಡಿಯ ತುಂಬ ಜನ ಬಂದರು, ನಡುವೆ ಜ್ವರದ ಕೂಸು. "ಒಬ್ಬರು ಮಾತ್ರ ಇರಿ" ಎಂದೆ. ಮರದ ಕೆಳಗೆ ಪಂಚಾಯ್ತಿ ಸೇರಿತು. ಎಲೆಅಡಿಕೆ ಆಯಿತು, ಜಗಳವೂ ಆಯಿತು. ಕೊನೆಗೆ ಕೂಸನ್ನೆತ್ತಿಕೊಂಡು, ಮೀಸೆ ತೀಡುತ್ತ ಒಳಗೆ ಬಂದವರು ಕೂಸಿನ ತಾತ.

"ಎದೆಹಾಲು ಕುಡಿಯೋ ಕೂಸು. ಇದರ ತಾಯಿ ಎಲ್ಲಿ?" ಎಂದೆ.

"ಗಾಡೀಲವ್ಳೆ. ಒಬ್ರೇ ಅಂದ್ರಲ್ಲವ್ವಾ! ಸರ್ಕಾರದ್ ಕೆಲ್ಸಕ್ಕೆ ಯಜಮಾನ್ನ ಬುಟ್ಟು ಸೊಸೇನ ಕಳ್ಸಕ್ಕಾಯ್ತದಾ?"

"ಹಸಿದು ಅತ್ತರೆ ಏನು ಮಾಡ್ತೀರಿ?"

"ಗದರುಸ್ತೀನಿ. ನಮ್ಮನೇಲಿ ನಾನು ಗದರಿದ್ ಮ್ಯಾಲೆ ಯಾರೂ ಅಳಕಿಲ್ಲ."

ಅಷ್ಟರಲ್ಲಿ ಕೂಸು ಕಿರುಚಿತು. ತಾತ ಗದರಿದರು. ಕೂಸು ಸೂರು ಹಾರುವಂತೆ ಕಿರುಚಿತು. ತಾತ ಕಿಟಕಿಗೆ ಓಡಿ, ಗಾಡಿಯಲ್ಲಿದ್ದ ಸೊಸೆಯತ್ತ ಕೈ ಬೀಸಿ ಕೂಗಿದರು: "ಲೇ ಮಗಾ, ಬಿರ್‍ನೆ ಬಾರವ್ವಾ! ಇದು ನನ್ ಮಾತ್ ಕೇಳಕಿಲ್ಲ. ಇವತ್ನಿಂದ ಯಜಮಾನ್ಕೆ ನಿಂದೇಯ!"

ಕೆಟ್ಲಿಯ ಡ್ರೈವರು

ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಮದ್ದೂರಿನ ಸಾಬರೊಬ್ಬರು ಅಂಥ ಬಸ್ಸಿನ ಮೆಕ್ಯಾನಿಕ್ಕು. ಅವರ ಪುಟ್ಟ ಮಗನಿಗೆ ಎದೆ ಕಟ್ಟಿ, ದನಿಯೇ ನಿಂತುಹೋಗಿತ್ತು. ಮಂಚಕ್ಕೆ ಗುಡಾರದ ಹಾಗೆ ದುಪ್ಪಟಿ ಮುಚ್ಚಿ, ಪಕ್ಕದಲ್ಲಿ ಅಗ್ಗಿಷ್ಟಿಕೆಯ ಮೇಲೆ ನೀರಿನ ಕೆಟ್ಲಿಯಿಟ್ಟು, ಅದರ ಆವಿ ಮಗುವಿಗೆ ತಾಗುವಂತೆ ಮಾಡಿದೆವು. "ಬೆಂಕಿ ಆರದ ಹಾಗೆ ನೋಡಿಕೊಳ್ಳಿ, ಅದು ನಿಮ್ಮ ಕೆಲಸ" ಎಂದರು ಡಾಕ್ಟರಮ್ಮ.

ಇದ್ದಿಲ ಕೆಲಸವನ್ನು ಅವರಿಗೆ ಹೇಳಿಕೊಡಬೇಕೇ! ತೋಳು ಮಡಿಸಿ ಗಾಳಿ ಬೀಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಾಗಿಲಿಗೆ ಬಂದರೆ ವಾರ್ಡೇ ಕಾಣುತ್ತಿಲ್ಲ, ಬರೀ ಬಿಳಿ ಮೋಡ.

"ಏನ್ರೀ ಸಾಬರೇ ಇದು?"

ಮೋಡದೊಳಗಿಂದ ಉತ್ತರ ಬಂತು: "ನಮ್ಮ ಬಸ್ಸಾಗಿದ್ರೆ ಇಷ್ಟೊತ್ತಿಗೆ ಮೈಸೂರು ಸೇರ್ತಿತ್ತು ಡಾಕ್ಟರಮ್ಮಾ. ನಿಮ್ಮ ಕೆಟ್ಲೀಲಿ ದಮ್ಮಿಲ್ಲ."

ಡಾಕ್ಟರಮ್ಮ ಬೈಯಲು ಬಾಯಿ ತೆರೆದರು. ಆಗಲೇ ದುಪ್ಪಟಿಯೊಳಗಿಂದ, ಬಂದ ದಿನದಿಂದ ನಾವು ಕೇಳಿರದಿದ್ದ ಒಂದು ದನಿ ಎದ್ದಿತು: "ಅಬ್ಬಾಜಾನ್, ಯಾವೂರು ಬಂತು?"

ಬೈಗುಳ ಅಲ್ಲಿಗೇ ನಿಂತಿತು. ಅಗ್ಗಿಷ್ಟಿಕೆಯನ್ನು ಮಾತ್ರ ಜಗಲಿಗೆ ಸಾಗಿಸಿದರು.

ಘಾಟು

ಮೈಸೂರಿನ ದೊಡ್ಡ ಡಾಕ್ಟರು ಬಂದೇಬಿಟ್ಟರು. ಜರಿ ಪೇಟ, ಉದ್ದ ಕೋಟು. ಮನೆಯವರೆಲ್ಲ ಫೋಟೋ ತೆಗೆಸಿಕೊಳ್ಳುವವರ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದರು.

"ಇದೇನಮ್ಮ, ಆಸ್ಪತ್ರೆಯೋ ಛತ್ರವೋ?" ಎಂದರು ದೊಡ್ಡ ಡಾಕ್ಟರು. ನಮ್ಮ ಡಾಕ್ಟರಮ್ಮನ ಮುಖ ಬಿಳಚಿಕೊಂಡಿತು. ಮಂಚದಿಂದ ಮಂಚಕ್ಕೆ ನಡೆದು ದೊಡ್ಡ ಡಾಕ್ಟರು ಮಳವಳ್ಳಿಯ ಹುಡುಗಿಯ ಮುಂದೆ ನಿಂತರು. ಅಜ್ಜಿಯ ಕೈಯ ಗಂಜಿ ಕುಡಿದು ಅವಳು ಮೈಕೈ ತುಂಬಿಕೊಂಡಿದ್ದಳು. ಅವರ ಮುಖ ಅರಳಿತು. "ಆಹಾ, ಎಷ್ಟು ಗುಂಡುಗುಂಡಾಗಿದೆ ಮಗು! ಕೆನ್ನೆ ನೋಡಿ!"

ನನಗೆ ಹೋದ ಜೀವ ಬಂದಂತಾಯಿತು. ಆದರೆ ವಾರ್ಡಿನ ಅಷ್ಟೂ ತಾಯಂದಿರು ತಟಕ್ಕನೆ ತಂತಮ್ಮ ಮಕ್ಕಳಿಗೆ ಸೆರಗು ಮುಚ್ಚಿದರು. ಮಗುವನ್ನು ಹೀಗೆ ಎದುರಿಗೇ ಹೊಗಳಿದರೆ ದೃಷ್ಟಿ ತಾಗದೆ ಇರುತ್ತದೆಯೇ? ಮಳವಳ್ಳಿ ಅಜ್ಜಿ ಎದ್ದಳು. ಗಂಟಿನಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು ಮೊಮ್ಮಗಳಿಗೆ ನಿವಾಳಿಸಿದಳು. ನೇರ ಜಗಲಿಗೆ ನಡೆದು ಸಾಬರ ಅಗ್ಗಿಷ್ಟಿಕೆಯ ಕೆಂಡಕ್ಕೆ ಸುರಿದಳು.

"ಏನದು? ಏನು ಹಾಕಿದಿರಿ?" ಎನ್ನುತ್ತ ದೊಡ್ಡ ಡಾಕ್ಟರು ಹಿಂದೆಯೇ ಹೋಗಿ ಅಗ್ಗಿಷ್ಟಿಕೆಯ ಮೇಲೆ ಬಗ್ಗಿದರು.

ಘಾಟು ಎದ್ದಿತು. ಅವರು ಕೆಮ್ಮಿದ ಕೆಮ್ಮಿಗೆ ಪೇಟ ಹೆಗಲಿಗೆ ಜಾರಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮುಗಿಯಿತು, ಅಜ್ಜಿ ತನ್ನ ಕೈಯಾರೆ ಎಲ್ಲರನ್ನೂ ಮರದ ಕೆಳಗೆ ಕಳಿಸಿದಳು ಎಂದುಕೊಂಡು ನನಗೆ ಅಳುವೇ ಬಂತು.

ಅಜ್ಜಿಯ ಮುಖದಲ್ಲಿ ಮಾತ್ರ ಪರಮಾನಂದ. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವೆಂದು ನಮ್ಮ ಕಡೆಯ ಲೆಕ್ಕ. ದೊಡ್ಡ ಡಾಕ್ಟರ ಬೆನ್ನು ತಟ್ಟುತ್ತ ಹೇಳಿದಳು: "ಕೆಮ್ಮಪ್ಪಾ, ಚೆನ್ನಾಗ್ ಕೆಮ್ಮು. ಘಾಟು ಬಂತು. ನಿಂದು ಒಳ್ಳೇ ಕಣ್ಣು ಕಣಪ್ಪ!"

ದೊಡ್ಡ ಡಾಕ್ಟರು ಕೆಮ್ಮುತ್ತಲೇ ನಗತೊಡಗಿದರು. "ಆಯ್ತು ಕಣಜ್ಜಿ, ನೀವೆಲ್ಲ ಒಳಗೇ ಇರಿ" ಎಂದು ಅಂಗೈಯಲ್ಲಿ ಮೂಗೊರೆಸಿಕೊಂಡು ವಾರ್ಡಿನ ಕಡೆ ತಿರುಗಿದರು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನಾವ್ ಇರ್ತೀವಿ. ನೀನೂ ಬಾರಪ್ಪ, ಬ್ಯಾಡ ಅಂದೋರ್ ಯಾರು? ಮೊದ್ಲು ಸೋಪಾಕ್ಕಂಡು ಕೈ ತೊಳ್ಕೊ."