ಹಿಡಿದರೆ ಬಿಡದ ಡಬ್ಬಿ

ಬಚ್ಚಲಿನ ಸಾಬೂನು ಬರಿನೆಲದ ಮೇಲೆ ಕೂತಿದ್ದನ್ನು ಕಂಡಾಗಲೇ ಗಿರಣಿಯವನ ಹೆಂಡತಿಗೆ ಅನುಮಾನ ಬಂತು. ಸಾಬೂನಿನ ಡಬ್ಬಿ ನಡುಮನೆಯ ಮೇಜಿನ ಮೇಲಿತ್ತು. ಅದರ ಹೊಟ್ಟೆಯೊಳಗೆ ಹಳೆಯ ಸ್ಟೆಬಿಲೈಜರಿನಿಂದ ಕಿತ್ತ ರಿಲೇ ಎಂಬ ಸ್ವಿಚ್ಚು, ಕಡಲೆಕಾಯಿಯಷ್ಟು ಪುಟ್ಟ ಎರಡು ಟ್ರಾನ್ಸ್‌ಫಾರ್ಮರು, ಕರುಳಿನಂತೆ ಸುತ್ತಿಕೊಂಡ ತಂತಿ. ಡಬ್ಬಿಯ ಒಂದು ಕಡೆಯ ವೈರುಗಳು ಗಂಡ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋಗೆ, ಇನ್ನೊಂದು ಕಡೆಯವು ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿಗೆ.

"ಸಾಬೂನು ಎಲ್ಲಿಡ್ಲಿ ರೀ?" ಎಂದಳು.

"ಹನ್ನೊಂದು ಗಂಟೆಗೆ ಅವನು ಬರ್ತಾನೆ," ಎಂದ.

ಕೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ನಂಟಿಲ್ಲದಿರುವುದು ಆ ಮನೆಯಲ್ಲಿ ಹೊಸದಲ್ಲ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಆಯುಸ್ಸು ಸವೆಸಿದವನು. ಅಲ್ಲಿ ಯಾರು ಏನಂದರೂ ಕೇಳಿಸದು. ಹಾಗಾಗಿ ತಾನೇ ಮಾತಾಡುತ್ತ ಹೋಗುವುದು ಅಭ್ಯಾಸವಾಗಿತ್ತು. ಗಿರಣಿ ನಿಂತರೂ ಅವನು ನಿಲ್ಲುತ್ತಿರಲಿಲ್ಲ.

ಬರುವವನು ಕಂಪೌಂಡರ್. ದೂರದ ಊರಿನವನು. ಮುಖ ನೋಡಿದ್ದಿಲ್ಲ. ಆದರೂ ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರ ರೇಡಿಯೋದಲ್ಲಿ ಸಿಗುವ ಗೆಳೆಯ. ಈ ಬೇಸಿಗೆಯಲ್ಲಿ ಗಂಟಲಿನ ಆಪರೇಷನ್ ಆಗಿ ಅವನ ದನಿ ಹೋಯಿತು. ಅವನ ಮಗ ಫೋನು ಮಾಡಿ, "ಅಪ್ಪ ಇನ್ಮೇಲೆ ಟೈಪ್ ಮಾಡ್ತಾರಂತೆ. ನೀವೂ ರೇಡಿಯೋನ ಕಂಪ್ಯೂಟರಿಗೆ ಜೋಡಿಸಿದ್ರೆ ಅಕ್ಷರ ಪರದೆ ಮೇಲೆ ಬರುತ್ತೆ," ಎಂದಿದ್ದ. ಅಂದಿನಿಂದ ಗಿರಣಿಯವನು ಸರಿಯಾಗಿ ಉಂಡಿರಲಿಲ್ಲ. ಅವನ ಮಾತನ್ನು ಕೊನೆತನಕ ಕೇಳುತ್ತಿದ್ದವನು ಲೋಕದಲ್ಲಿ ಕಂಪೌಂಡರ್ ಒಬ್ಬನೇ. ಅವನೂ ಕೈತಪ್ಪಿದರೆ ಗೋಡೆಯೇ ಗತಿ.

ಹನ್ನೊಂದಾಯಿತು. ಗಿರಣಿಯವನು ಎರಡು ಬೆರಳಿನಲ್ಲಿ ಕುಟ್ಟಿದ. ರೇಡಿಯೋದ ಕೆಂಪು ದೀಪ ಹತ್ತಿತು. ಅವನು ಕುಟ್ಟಿದ ಅಕ್ಷರಗಳು ಸಿಳ್ಳೆಯಾಗಿ ಗಾಳಿಗೆ ಹೋದವು. ಮುಗಿದ ಮೇಲೆ ದೀಪ ಆರಬೇಕಿತ್ತು. ಆರಲಿಲ್ಲ. ಮತ್ತೆ ಕುಟ್ಟಿದ. ಮತ್ತೂ ಕುಟ್ಟಿದ.

ಪಕ್ಕದಂಗಡಿಯ ದರ್ಜಿ ಕತ್ತರಿ ಹಿಡಿದೇ ಒಳಗೆ ಬಂದ. "ಅಣ್ಣಾ, ನನ್ನ ಸ್ಪೀಕರೊಳಗೆ ಯಾರೋ ಮೂಗಲ್ಲಿ ಅಳ್ತಾ ಇದಾರೆ. ಮದುಮಗನ ಪ್ಯಾಂಟು ಕತ್ತರಿಸ್ತಿದ್ದೆ, ಬೆಚ್ಚಿಬಿದ್ದೆ. ಈಗ ಅದು ಚಡ್ಡಿ."

ಅವನ ಹಿಂದೆಯೇ ಎದುರುಮನೆಯ ಮೇಷ್ಟ್ರು, ಕಿವಿಯ ಮಿಷನ್ನು ಅಂಗೈಯಲ್ಲಿ ಹಿಡಿದುಕೊಂಡು. "ಕಿವಿಯೊಳಗೆ ಯಾರೋ ಕೊಳಲೂದ್ತಾರಪ್ಪ. ಕಿತ್ತೇಬಿಟ್ಟೆ. ಇನ್ನು ನೀನು ಏನಂದ್ರೂ ನಂಗೆ ಕೇಳ್ಸಲ್ಲ."

"ನೀವು ಪುಣ್ಯವಂತರು," ಎಂದ ದರ್ಜಿ.

"ಈ ಕೆಂಪು ದೀಪ ಏನ್ರೀ?" ಹೆಂಡತಿ ಕೇಳಿದಳು.

"ಅದು ಉರೀತಿದ್ರೆ ನಾನು ಮಾತಾಡ್ತಿದೀನಿ ಅಂತ. ಆರಿದ್ರೆ ತಾನೇ ಅವನ ಮಾತು ಬರೋದು. ರಿಲೇ ಹಿಡ್ಕೊಂಡಿದೆ, ಬಿಡ್ತಿಲ್ಲ."

"ಮಾಡಿದವರ ಬುದ್ಧಿನೇ ಬಂದಿದೆ ಅದಕ್ಕೆ."

ದರ್ಜಿ ಡಬ್ಬಿಯ ನೆತ್ತಿಗೆ ಕತ್ತರಿಯ ಹಿಡಿಯಿಂದ ಮೊಟಕಿದ. ಗಿರಣಿಯವನು ಅವನ ಮೇಲೆ ಹರಿಹಾಯ್ದ. ಆ ಗಲಾಟೆಯಲ್ಲಿ ಹೆಂಡತಿ, ಬೇಲಿಯ ಬಳ್ಳಿ ಎಳೆದಂತೆ, ಡಬ್ಬಿಯಿಂದ ರೇಡಿಯೋದ ಮೈಕಿಗೆ ಹೋಗಿದ್ದ ವೈರನ್ನು ಎಳೆದಳು. ದೀಪ ಆರಿತು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತು ಒಂದೊಂದಾಗಿ ಮೂಡತೊಡಗಿತು.

"ನೋಡಿ, ನನ್ನ ಮಾತಿಲ್ಲದೆ ಒದ್ದಾಡ್ತಿದಾನೆ," ಎಂದು ಗಿರಣಿಯವನು ಎಲ್ಲರಿಗೂ ಕಾಣುವಂತೆ ಪರದೆ ತಿರುಗಿಸಿದ. ಮೇಷ್ಟ್ರು ರೂಢಿಯಂತೆ ಗಟ್ಟಿಯಾಗಿ ಓದಲು ಶುರುಮಾಡಿದರು. ಎಷ್ಟು ಗಟ್ಟಿ ಎಂಬುದು ಕಿವಿಯ ಮಿಷನ್ನಿಲ್ಲದೆ ಅವರಿಗೇ ತಿಳಿಯದು. ಬೀದಿಯಲ್ಲಿ ಹೋಗುವವರೂ ನಿಂತರು.

"ಗೆಳೆಯಾ, ಆಗಿನಿಂದ ಬರೀ ನಿನ್ನದೇ ಬರ್ತಿದೆ. ಇವತ್ತೂ ನಂಗೆ ಜಾಗ ಬಿಡಲಿಲ್ಲ. ದನಿ ಹೋಯ್ತು ಅಂತ ಎಲ್ಲರೂ ಮರುಗಿದರು. ಭಾನುವಾರದ ಮಟ್ಟಿಗೆ ನಂಗೇನೂ ವ್ಯತ್ಯಾಸ ಆಗಿಲ್ಲ. ಇಷ್ಟು ವರ್ಷದಲ್ಲಿ ಹೂಂ ಬಿಟ್ಟು ನಾನು ಬೇರೇನು ಹೇಳಿದೀನಿ, ನೆನಪಿದೆಯಾ? ನನ್ನ ಹೆಂಡತಿ ತೀರಿಕೊಂಡ ವಾರ ಹೇಳೋಣ ಅಂತ ಬಂದೆ. ನೀನು ಗಿರಣಿಯ ಬೆಲ್ಟು ಹರಿದ ಕತೆ ಹೇಳಿದೆ."

ದರ್ಜಿ ಕತ್ತರಿಯ ಬಾಯಿ ಮುಚ್ಚಿ ನೆಲ ನೋಡಿದ. ಮೇಷ್ಟ್ರು ಮಾತ್ರ ಓದುತ್ತಲೇ ಇದ್ದರು.

"ಬೈಯೋಕೆ ಕೂತಿಲ್ಲ ಮಾರಾಯ. ಇನ್ನೊಂದು ಮಾತಿದೆ, ಅದನ್ನ ಹೇಳೋಕೇ ಇಷ್ಟೆಲ್ಲ ಕಲಿತೆ. ಆ ದಿನ ನಿನ್ನ ಬೆಲ್ಟಿನ ಕತೆ ಇಲ್ಲದಿದ್ರೆ ನಾನು"

ಅಷ್ಟರಲ್ಲಿ ಗಿರಣಿಯವನು ವೈರನ್ನು ಮತ್ತೆ ಚುಚ್ಚಿದ. ದೀಪ ಕೆಂಪಗಾಯಿತು.

"ತಪ್ಪು ತಿಳ್ಕೊಂಡಿದಾನೆ. ಆ ಬೆಲ್ಟಿನ ವಿಷಯ ನಾನು ವಿವರವಾಗಿ ಹೇಳ್ಬೇಕು."

"ಅವರದು ಇನ್ನೂ ಮುಗಿದಿರಲಿಲ್ಲ ರೀ," ಎಂದು ಹೆಂಡತಿ ವೈರಿಗೆ ಕೈ ಚಾಚಿದಳು.

"ತಡಿ, ಮೊದಲು ನಂದು ಮುಗೀಲಿ."

ಡಬ್ಬಿಯನ್ನು ಎದೆಗವಚಿಕೊಂಡು ಒಂದೇ ಕೈಯಲ್ಲಿ ಕುಟ್ಟಿದ. ಬೆಲ್ಟು ಎಲ್ಲಿಯದು, ಹೇಗೆ ಹರಿಯಿತು, ಹೊಸದನ್ನು ಹಾಕಿದವನು ಎಂಥ ಕಳ್ಳ. ಬಾಗಿಲಲ್ಲಿ ನಿಂತವರು ಚದುರಿದರು. ದರ್ಜಿ ಚಡ್ಡಿಯ ಕಡೆ ಹೋದ. ಎಲ್ಲ ಮುಗಿದ ಮೇಲೆ ಗಿರಣಿಯವನೇ ವೈರು ಕಿತ್ತ.

ಪರದೆಯ ಮೇಲೆ ಒಂದೇ ಒಂದು ಪದ ಬಂತು. ಮೇಷ್ಟ್ರು ಬೀದಿಗೆ ಕೇಳುವಂತೆ ಓದಿದರು.

"ಹೂಂ."

ಗಿರಣಿಯವನ ಮುಖ ಅರಳಿತು. "ನೋಡಿದ್ಯಾ," ಎಂದ ಹೆಂಡತಿಗೆ, "ಒಪ್ಕೊಂಡ."

ಅವಳು ಸಾಬೂನನ್ನು ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟು ಒಳಗೆ ಹೋದಳು.