ಶಾಸಕರ ಎದೆಗೆ ನಮ್ಮ ಮಷೀನು

ನನಗೆ ರಾಜಕೀಯ ಗೊತ್ತಿಲ್ಲ. ಆದರೆ ಗೊತ್ತಿಲ್ಲದ ವಿಷಯದ ಮೇಲೆ ಗಟ್ಟಿಯಾಗಿ ಮಾತನಾಡುವ ಚಟ ಇದೆ, ಅದರಲ್ಲೂ ಕ್ಯೂನಲ್ಲಿ ನಿಂತಾಗ. ಪೀಣ್ಯದ ಕಡೆ ಫ್ಯಾಕ್ಟರಿ ಜನರಿಗೆಂದೇ ಇರುವ ಒಂದು ದವಾಖಾನೆ ನನ್ನ ಭಾಷಣದ ವೇದಿಕೆ. ಯಾವುದೆಂದು ಹೇಳುವುದಿಲ್ಲ, ನಾಳೆಯೂ ಮಾತ್ರೆಗೆ ಅಲ್ಲಿಗೇ ಹೋಗಬೇಕು. ಕೆಮ್ಮಿಗೂ ಮಂಡಿನೋವಿಗೂ ಒಂದೇ ಬಣ್ಣದ ಮಾತ್ರೆ ಕೊಡುವ ಕಿಟಕಿಯ ಮುಂದೆ ನಿಂತು ನಾನು ಸಾರುತ್ತಿದ್ದುದು ಇಷ್ಟೇ: "ಕಾನೂನು ಮಾಡೋರೂ ಇಲ್ಲೇ ಬಂದು ನಿಂತ್ಕೋಬೇಕು ಕಣ್ರೀ. ನಮಗಿರೋ ಆಸ್ಪತ್ರೆನೇ ಅವರಿಗೂ. ಆಗ ನೋಡಿ, ಫ್ಯಾನೂ ತಿರುಗುತ್ತೆ, ಡಾಕ್ಟರೂ ಬರ್ತಾರೆ." ಹಿಂದೆ ನಿಂತವರು ತಲೆಯಾಡಿಸುತ್ತಿದ್ದರು. ನನ್ನ ಮಾತಿಗೋ ತೂಕಡಿಕೆಗೋ ತಿಳಿಯದು. ನಿಜವಾಗಿ ನಂಬಿದವರು ಒಬ್ಬರೇ, ನಮ್ಮ ಯಜಮಾನರು. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವರು ಇದೊಂದನ್ನು ಕೇಳಿಬಿಟ್ಟರು. ಅದೇ ಈಗಿನ ತಾಪತ್ರಯ.

ಯಜಮಾನರು ಲೇತ್ ಮಷೀನಿನ ಮೇಲೆ ಕೆಲಸ ಮಾಡುವವರು. ಈ ಬೇಸಿಗೆಯಲ್ಲಿ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲತೊಡಗಿದರು. ಕೇಳಿದರೆ "ಗ್ಯಾಸು" ಎಂದರು. ನಮ್ಮ ಕಡೆ ಗಂಡಸರ ಎದೆಯಲ್ಲಿ ಗ್ಯಾಸ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂತೂ ದವಾಖಾನೆಗೆ ಎಳೆದುಕೊಂಡು ಹೋದೆ. ಅಲ್ಲಿ ಹೊಸ ಇಸಿಜಿ ಮಷೀನು ಬಂದಿತ್ತು, ಮೈಮೇಲೆ ಪ್ಲಾಸ್ಟಿಕ್ ಹೊದಿಕೆ, ಹಣೆಗೆ ಕುಂಕುಮ. "ಶಾಸಕರು ಉದ್ಘಾಟನೆ ಮಾಡ್ದೆ ಮುಟ್ಟಂಗಿಲ್ಲಮ್ಮ. ಗುರುವಾರ ಬರ್ತಾರೆ. ಅವರಾದ ಮೇಲೆ ಮೊದಲು ನಿಮ್ಮ ಯಜಮಾನ್ರೇ" ಎಂದರು ನರ್ಸ್ ನಾಗರತ್ನಮ್ಮ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡಬೇಕಾದರೆ ಈ ಮಷೀನೇ ಹೇಳಬೇಕಂತೆ, ಹೊರಗೆ ತೆಗೆಸಿದ ಇಸಿಜಿ ನಡೆಯುವುದಿಲ್ಲವಂತೆ.

ಗುರುವಾರ ಹಾರ, ಪಟಾಕಿ, ಜೈಕಾರಗಳ ಸಮೇತ ಶಾಸಕರು ಬಂದರು. ರಿಬ್ಬನ್ ಕತ್ತರಿಸಿ ಹೊರಟುಬಿಡಬಹುದಿತ್ತು. ಆದರೆ ನಮ್ಮಲ್ಲಿ ರಸ್ತೆ ಉದ್ಘಾಟಿಸಿದವರು ಅದರ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು, ಕ್ಯಾಂಟೀನ್ ಉದ್ಘಾಟಿಸಿದವರು ಒಂದು ಇಡ್ಲಿ ಮುರಿಯಬೇಕು, ಇಲ್ಲದಿದ್ದರೆ ಫೋಟೋಗೆ ಕಳೆ ಬರುವುದಿಲ್ಲ. ಹಾಗಾಗಿ ಶಾಸಕರೂ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿದರು. ನಾಗರತ್ನಮ್ಮ ಎದೆಗೆ ವೈರು ಅಂಟಿಸಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಾ ಪುಳಕಗೊಂಡೆ. ನನ್ನ ಸಿದ್ಧಾಂತ ಹೊಟ್ಟೆ ಬಿಟ್ಟುಕೊಂಡು ಕಣ್ಣೆದುರೇ ಮಲಗಿತ್ತು.

ಮಷೀನಿನಿಂದ ಗೀಟಿನ ಕಾಗದ ಹೊರಬಂತು. ಡಾಕ್ಟರು ಅದನ್ನು ನೋಡಿದರು, ಶಾಸಕರನ್ನು ನೋಡಿದರು, "ಸಾರ್, ಯಾಕೋ ಸರಿಯಿಲ್ಲ. ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು" ಎಂದರು. ಕ್ಯಾಮೆರಾಗಳು ತೆಪ್ಪಗಾದವು. ಜೊತೆಗಿದ್ದ ಹಿಂಬಾಲಕನೊಬ್ಬ ಎಲ್ಲರಿಗೂ ಕೇಳುವಂತೆ, "ಅಣ್ಣಂಗೇನ್ರೀ ಆಗಿರೋದು? ಬಂಡೆ ಇದ್ದಂಗವ್ರೆ. ನಿಮ್ಮ ಮಷೀನೇ ಕೆಟ್ಟೋಗಿದೆ, ಹಂಗಂತ ಬರ್ಕೊಳ್ಳಿ" ಎಂದ. ಡಾಕ್ಟರು ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡರು. ಮಷೀನು ಕೆಟ್ಟಿದೆ ಎನ್ನುತ್ತಲೇ ಹಿಂಬಾಲಕರು ಅಣ್ಣನನ್ನು ಕಾರಿಗೆ ಹತ್ತಿಸಿದರು. ಮರುದಿನದ ಪೇಪರಿನಲ್ಲಿ ಸುದ್ದಿ: ಶಾಸಕರಿಗೆ ಖಾಸಗಿ ಆಸ್ಪತ್ರೆಯಲ್ಲಿ ಸ್ಟೆಂಟ್, ಸಕಾಲಕ್ಕೆ ಪತ್ತೆಯಾದದ್ದರಿಂದ ಪಾರು, ಖರ್ಚೆಲ್ಲ ಸರ್ಕಾರದ್ದು. ಅವರನ್ನು ಅಲ್ಲಿ ಯಾರೂ ಚೀಟಿ ಕೇಳಿರಲಿಲ್ಲ.

ಪೇಪರು ಹಿಡಿದು ಓಡಿದೆ. ಮಷೀನಿಗೆ ಬಟ್ಟೆ ಸುತ್ತಿ ಮೂಲೆಗೆ ತಳ್ಳಿದ್ದರು. "ಸಿಸ್ಟರ್, ಇದೇ ಅಲ್ವಾ ಅವರ ಜೀವ ಉಳಿಸಿದ್ದು? ಕೆಟ್ಟಿದೆ ಅಂದ್ರೆ ಹೆಂಗೆ?" ಎಂದೆ. "ನಂಗೊತ್ತಿಲ್ವೇನಮ್ಮ? ಈಗ ಸರಿ ಇದೆ ಅಂದ್ರೆ ನಿನ್ನೆ ಸುಳ್ಳು ಬರೆದ್ವಿ ಅಂತಾಗುತ್ತೆ. ಅವರು ಹುಷಾರಾಗಿ ಬಂದು ಇನ್ನೊಂದ್ಸಲ ಉದ್ಘಾಟನೆ ಮಾಡೋವರ್ಗೂ ಮುಟ್ಟಂಗಿಲ್ವಂತೆ" ಎಂದ ನಾಗರತ್ನಮ್ಮ, ದನಿ ತಗ್ಗಿಸಿ, "ಹೊರಗಡೆ ತೋರಿಸ್ಬಿಡಿ, ಕಾಯ್ಬೇಡಿ" ಎಂದರು.

ಮನೆಗೆ ಬಂದು ಹೊರಗಡೆ ತೋರಿಸೋಣವೆಂದು ಕೈಮುಗಿದೆ. ಯಜಮಾನರು ಜಪ್ಪಯ್ಯ ಅನ್ನಲಿಲ್ಲ. "ಇಷ್ಟು ವರ್ಷ ಸಂಬಳದಲ್ಲಿ ಇದಕ್ಕೇ ಅಂತ ದುಡ್ಡು ಹಿಡ್ಕೊಂಡಿದ್ದಾರೆ ಕಣೇ, ಅದು ನನ್ನ ಆಸ್ಪತ್ರೆ. ಎಲ್ಲರಿಗೂ ಒಂದೇ ಆಸ್ಪತ್ರೆ ಅಂತ ನೀನೇ ತಾನೇ ಹೇಳ್ತಿದ್ದಿದ್ದು? ಅವನು ಓಡಿಹೋದ ಅಂತ ನಾನೂ ಓಡ್ಲಾ?" ಬೈದೆ, ಅತ್ತೆ, ಊಟ ಬಿಟ್ಟೆ. ಅವರು ಎರಡು ಮೆಟ್ಟಿಲು ಹತ್ತುತ್ತಾರೆ, ಗೋಡೆ ಹಿಡಿದು ನಿಲ್ಲುತ್ತಾರೆ, "ಗ್ಯಾಸು" ಎನ್ನುತ್ತಾರೆ. ನನಗೆ ಭಯವಾಗುತ್ತದೆ. ಕ್ಯೂನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರಬಾರದಿತ್ತೇ ಅನ್ನಿಸುತ್ತದೆ.

ಹಾಗಾಗಿ ಈಗ ದಿನಾ ಬೆಳಿಗ್ಗೆ ದೀಪ ಹಚ್ಚಿ, ನಾನು ವೋಟೇ ಹಾಕದ ಶಾಸಕರ ಎದೆಯನ್ನು ಬೇಗ ಗಟ್ಟಿ ಮಾಡಪ್ಪಾ ಎಂದು ಬೇಡಿಕೊಳ್ಳುತ್ತಿದ್ದೇನೆ. ಮೊನ್ನೆ ಗಣಪತಿ ಗುಡಿಯಲ್ಲಿ ಅವರ ಹೆಸರಿಗೆ ಅರ್ಚನೆಯನ್ನೂ ಮಾಡಿಸಿದೆ. ಅರ್ಚಕರು "ಪಕ್ಷದವರಾ ಅಮ್ಮಾ?" ಎಂದಾಗ ಹೌದೆಂದೆ. ಮನೆಗೆ ಬಂದರೆ ಯಜಮಾನರು ಗೋಡೆಗೊರಗಿ ಕುಳಿತಿದ್ದರು. ಪ್ರಸಾದ ಕಣ್ಣಿಗೊತ್ತಿಕೊಂಡು, ಉಸಿರು ಸುಧಾರಿಸಿಕೊಂಡು, "ಶಾಸಕರದ್ದಾಯ್ತು. ನನ್ನ ಹೆಸರೂ ಹೇಳಿದ್ಯಾ?" ಎಂದು ಕೇಳಿದರು. ದೇವರ ಮುಂದಿನ ಕ್ಯೂನಲ್ಲೂ ನಾನು ಶಾಸಕರನ್ನೇ ಮುಂದೆ ಬಿಟ್ಟು ಬಂದಿದ್ದೆ.