ಗಾಳಿಯಲ್ಲಿ ಮಾತಾಡುವ ಭಾವ

ನಮ್ಮ ಭಾವ ಯಾರ ಜೊತೆಗೂ ಜಗಳ ಆಡಿದವರಲ್ಲ. ಜಗಳ ಆಡೋದಕ್ಕೂ ಒಂದಿಷ್ಟು ಮಾತು ಬೇಕಲ್ಲ? ಅಕ್ಕ "ಸಾರಿಗೆ ಉಪ್ಪು ಸಾಕೇನ್ರೀ?" ಅಂದರೆ ತಲೆ ಆಡಿಸುವರು. ಸಾಕೋ, ಬೇಕೋ, ನಾವೇ ಅರ್ಥ ಮಾಡಿಕೊಳ್ಳಬೇಕು. ಅದೇ ಮನುಷ್ಯ ಬೇಸ್‌ಮೆಂಟಿಗಿಳಿದು ದೇಶವಿದೇಶದ ಹವ್ಯಾಸಿಗಳು ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೋ ಮುಂದೆ ಕೂತರೋ, ಬ್ರೆಜಿಲ್‌ನ ಯಾವನೋ ಹಲ್ಲಿನ ಡಾಕ್ಟರಿಗೆ ಮುಕ್ಕಾಲು ಗಂಟೆ ಡೆಟ್ರಾಯಿಟ್ ಚಳಿಯನ್ನು ವರ್ಣಿಸುವರು.

ಎಪ್ಪತ್ತರ ದಶಕ ಅದು. ಭಾವ ಡೆಟ್ರಾಯಿಟ್ ಹತ್ತಿರ ಕಾರಿನ ಬ್ರೇಕ್ ಡಿಸೈನ್ ಮಾಡುತ್ತಿದ್ದರು. ನಾನು ಅವರ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಅಜ್ಜಿ ಸಿಟ್ಟಿನಿಂದ ಬಂದರು. ಅವರ ಟಿವಿ ಧಾರಾವಾಹಿಯಲ್ಲಿ ನಾಯಕಿ ಮದುವೆಗೆ ಒಪ್ಪುವ ಹೊತ್ತಿಗೆ ಸರಿಯಾಗಿ ನಮ್ಮ ಭಾವನ ದನಿ ನುಗ್ಗಿ, "ನಿಮ್ಮ ಸಿಗ್ನಲ್ ಬಹಳ ಚೆನ್ನಾಗಿದೆ" ಅಂದಿತಂತೆ.

"ಅವಳು ಒಪ್ಪಿದಳೋ ಇಲ್ಲವೋ, ನನಗೆ ಯಾರು ಹೇಳುತ್ತಾರೆ?"

ಅಕ್ಕ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟು ಸಮಾಧಾನ ಮಾಡಿದಳು. ಡಬ್ಬಿ ಖಾಲಿಯಾದ ಮೇಲೆ ಅಜ್ಜಿ ಮತ್ತೆ ದೂರು ತಂದರು. ಆ ವಾರ ಭಾವ ಊರಲ್ಲೇ ಇರಲಿಲ್ಲ.

ಆದರೂ ಭಾವ ಯೋಚನೆ ಮಾಡಿದರು. ನೀರಿನ ಮೇಲೆ ಅಕ್ಕಪಕ್ಕದವರಿಲ್ಲ, ಟಿವಿ ಇಲ್ಲ. ಸಹೋದ್ಯೋಗಿಯೊಬ್ಬರ ಜೊತೆ ಪಾಲು ಹಾಕಿ ಹಳೆಯ ಹಾಯಿದೋಣಿ ಕೊಂಡೇಬಿಟ್ಟರು. ಬೇರೆಯವರಿಗೆ ಅದು ದೋಣಿ. ಭಾವನಿಗೆ, ಆಂಟೆನಾ ಕಟ್ಟಲು ಎತ್ತರದ ಕಂಬವಿದ್ದ ತೇಲುವ ರೇಡಿಯೋ ಕೋಣೆ.

ಜುಲೈನಲ್ಲಿ ನಾವು ಮೂವರೂ ಹ್ಯೂರಾನ್ ಸರೋವರದ ದಡದುದ್ದಕ್ಕೂ ಮೂರು ದಿನದ ಪ್ರಯಾಣ ಹೊರಟೆವು. ಎರಡನೆಯ ಮಧ್ಯಾಹ್ನ ಅಕ್ಕ ಪುಳಿಯೋಗರೆ ಬಡಿಸಿದಳು. ಭಾವ ಒಂದು ತುತ್ತು ತಿಂದು, ನಮಗೇನೂ ಹೇಳದೆ, ರೇಡಿಯೋದಲ್ಲಿ ನ್ಯೂಜಿಲೆಂಡಿನ ಕುರಿ ಸಾಕುವವನೊಬ್ಬನಿಗೆ ಅದರ ರುಚಿ ಹೇಳತೊಡಗಿದರು. ಅವನಿಗೆ ಹುಣಸೆಹಣ್ಣು ಗೊತ್ತಿಲ್ಲ. "ಟ್ಯಾಂಗೊ, ಆಲ್ಫಾ, ಮೈಕ್..." ಅಂತ ಇವರು ರೇಡಿಯೋದವರ ರೀತಿಯಲ್ಲಿ 'ಟ್ಯಾಮರಿಂಡ್' ಅನ್ನೋ ಪದದ ಅಕ್ಷರ ಬಿಡಿಸಿ ಹೇಳಿದ್ದೇ ಹೇಳಿದ್ದು.

"ರೀ, ನಾನು ಮಾಡಿದ್ದು ಚೆನ್ನಾಗಿದೆ ಅಂತ ನ್ಯೂಜಿಲೆಂಡಿನಿಂದ ನನಗೆ ಗೊತ್ತಾಗಬೇಕಾ?" ಅಂದಳು ಅಕ್ಕ.

ಭಾವನ ವರ್ಣನೆ ಒಗ್ಗರಣೆಯವರೆಗೆ ಬರುವಷ್ಟರಲ್ಲಿ ಗಾಳಿ ನಿಂತಿತು. ಹಾಯಿ ಜೋತುಬಿತ್ತು. ಎಂಜಿನ್ ಹಾಕೋಣ ಅಂತ ಕೀ ತಿರುಗಿಸಿದರೆ 'ಟಕ್' ಅಂದು ಸುಮ್ಮನಾಯಿತು. ಎಂಜಿನ್‌ಗೂ ರೇಡಿಯೋಗೂ ಇದ್ದದ್ದು ಒಂದೇ ಬ್ಯಾಟರಿ. ಅದನ್ನು ಪುಳಿಯೋಗರೆ ತಿಂದುಹಾಕಿತ್ತು.

ಅಷ್ಟರಲ್ಲಿ ದೂರದಲ್ಲಿ ಅದಿರಿನ ಹಡಗೊಂದು ಹಾದುಹೋಯಿತು. ಅದರ ಅಲೆಗಳಿಗೆ ದೋಣಿ ಹೊಯ್ದಾಡಿ, ಹಾಯಿಯ ಕೆಳಗಿನ ಅಡ್ಡಮರ ಬೀಸಿ ಬಂದು, ಫ್ಲಾಸ್ಕ್ ತೆಗೆದುಕೊಳ್ಳಲು ಎದ್ದಿದ್ದ ಅಕ್ಕನ ಮುಂಗೈಗೆ ಬಡಿಯಿತು. ಮೂಳೆ ಮುರಿದದ್ದು ನೋಡಿದರೇ ಗೊತ್ತಾಗುತ್ತಿತ್ತು. ಅಕ್ಕ ಬೆಳ್ಳಗಾಗಿ ಕುಸಿದು ಕೂತಳು.

ನಾನು ಟವೆಲ್ ಸುತ್ತಿ ಅವಳ ಕೈ ಹಿಡಿದುಕೊಂಡೆ. ಭಾವ ಒಳಗೆ ಓಡಿದರು. ಮಾತು ಕಳಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿರಲಿಲ್ಲ. ಟಕಟಕ ಬಡಿದು ಕಳಿಸುವ ಮೋರ್ಸ್ ಸಂಕೇತಕ್ಕೆ ಸಾಕಾದೀತೇನೋ. ನಾವಿದ್ದ ಜಾಗ, 'ಹೆಂಡತಿಗೆ ಪೆಟ್ಟಾಗಿದೆ', ಅಷ್ಟನ್ನೇ ಬಡಿದರು. ಮತ್ತೆ ಬಡಿದರು. ಮೂರನೆಯ ಸಲಕ್ಕೆ ಸಣ್ಣಗೆ ಉತ್ತರ ಬಂತು, ಹಿಂದೆಯೇ ರೇಡಿಯೋದ ದೀಪ ಆರಿತು.

ಒಂದು ಗಂಟೆಯಲ್ಲಿ ಬಂದರಿನ ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಬಂದರಿನ ಹಲಗೆಕಟ್ಟೆಯ ಮೇಲೆ ಕೋಲೂರಿಕೊಂಡು ಒಬ್ಬ ಮುದುಕರು ಕಾಯುತ್ತಿದ್ದರು. ಉತ್ತರಿಸಿದ್ದು, ಬಂದರಿಗೆ ಫೋನ್ ಮಾಡಿದ್ದು ಅವರೇ. ರೈಲ್ವೆಯಿಂದ ನಿವೃತ್ತರಾದ ಅವರ ಜೊತೆ ಭಾವ ಮೂರು ವರ್ಷದಿಂದ ರೇಡಿಯೋದಲ್ಲಿ ಹರಟುತ್ತಿದ್ದರಂತೆ. ಮುಖ ಮಾತ್ರ ನೋಡಿರಲಿಲ್ಲ.

"ನೀವು ಹೇಳಿ ಹೊರಟಾಗಿನಿಂದ ಹೆಡ್‌ಫೋನ್ ತೆಗೆದಿರಲಿಲ್ಲ. ಗಾಳಿ ಕೈಕೊಡುತ್ತೆ ಅಂತ ಅನುಮಾನ ಇತ್ತು," ಅಂದರು.

ಭಾವ ತಟ್ಟನೆ ಬಗ್ಗಿ ಅವರ ಕಾಲು ಮುಟ್ಟಿದರು.

"ಏನು ಬಿತ್ತಪ್ಪಾ?" ಅಂತ ಮುದುಕರೂ ಬಗ್ಗಿ ಹಲಗೆಗಳ ಮೇಲೆ ಹುಡುಕತೊಡಗಿದರು.

"ಏನೂ ಬಿದ್ದಿಲ್ಲ. ನಮ್ಮಲ್ಲಿ ಹಿರಿಯರಿಗೆ ಹೀಗೆ ನಮಸ್ಕಾರ ಮಾಡ್ತೀವಿ," ಅಂದಳು ಅಕ್ಕ, ಆ ನೋವಿನಲ್ಲೂ.

ಮುದುಕರು ಭಾವನನ್ನು ಎಬ್ಬಿಸಿ, ತಮ್ಮ ಕಾರಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹನ್ನೆರಡು ಮೈಲಿ ದಾರಿ. ಮುಂದೆ ಕೂತ ಇಬ್ಬರೂ ಒಂದು ಮಾತೂ ಆಡಲಿಲ್ಲ. ಗೇರ್ ಬದಲಿಸುವಾಗ ಬಿಟ್ಟರೆ, ಮುದುಕರು ಭಾವನ ಕೈಯನ್ನೂ ಬಿಡಲಿಲ್ಲ.